ಲಂಡನ್ನಲ್ಲಿ ಇರೋರೇ, ಮಂಗಳವಾರ ಮಧ್ಯಾಹ್ನ ಏನ್ ಮಾಡ್ತೀರಿ?

ಹೊಸಬಾಡಿಗೆ
ಎಲ್ಲರಿಗೂ ನಮಸ್ಕಾರ. ನಾವು ಲಂಡನ್ನಿಗೆ ಬಂದು ಎಂಟು ತಿಂಗಳಾಯ್ತು. ನಮ್ಮವರಿಗೆ ಇಲ್ಲಿ ಕೆಲಸ, ನಾನು ಇನ್ನೂ ಹುಡುಕ್ತಾ ಇದ್ದೀನಿ. ಶನಿವಾರ, ಭಾನುವಾರದ್ದು ತೊಂದರೆ ಇಲ್ಲ, ಇಬ್ಬರೂ ಎಲ್ಲಾದ್ರೂ ಹೋಗ್ತೀವಿ. ಟವರ್, ಬಿಗ್ ಬೆನ್, ಗ್ರೀನಿಚ್ ರೇಖೆಯ ಆಚೆಗೊಂದು ಈಚೆಗೊಂದು ಕಾಲಿಟ್ಟ ಫೋಟೊ, ಎಲ್ಲಾ ಮುಗಿದಿದೆ. ನನಗೆ ಕಷ್ಟ ಆಗೋದು ಮಂಗಳವಾರ ಮಧ್ಯಾಹ್ನ. ಬೆಳಗ್ಗೆ ನಾಲ್ಕು ಅರ್ಜಿ ಹಾಕಿ, ಮನೆಕೆಲಸ ಮುಗಿಸಿ ಗಡಿಯಾರ ನೋಡಿದ್ರೆ ಇನ್ನೂ ಹನ್ನೆರಡೂವರೆ.

ಹೋದ ವಾರ ಸೇಂಟ್ ಪಾಲ್ಸ್ ಹತ್ತಿರ ಒಂದು ಇಂಟರ್‌ವ್ಯೂ ಇತ್ತು. ಒಂದು ಗಂಟೆ ಮುಂಚೆನೇ ಹೋಗಿಬಿಟ್ಟೆ. ಜಿನುಗು ಮಳೆ ಬೇರೆ. ಒಂದು ಪುಟ್ಟ ಪಾರ್ಕ್ ಕಾಣಿಸ್ತು, ಒಳಗೆ ಮಾಡು ಇಳಿಸಿದ ಜಗಲಿ ತರಹ ಒಂದಿತ್ತು, ನಿಂತ್ಕೊಂಡೆ. ನೋಡಿದ್ರೆ ಗೋಡೆ ತುಂಬ ಟೈಲ್ಸ್ ಫಲಕಗಳು, ಒಂದೊಂದರ ಮೇಲೂ ಹೆಸರು. ಎಲ್ಲರೂ ಬೇರೆಯವರ ಜೀವ ಉಳಿಸೋಕೆ ಹೋಗಿ ತಾವು ಸತ್ತವರು. ಆಲಿಸ್ ಏರ್ಸ್ ಅಂತ ಒಬ್ಬಳು, ಗಾರೆ ಕೆಲಸದ ಆಳಿನ ಮಗಳು. 1885ರಲ್ಲಿ ಹತ್ತಿ ಉರೀತಿದ್ದ ಮನೆಯಿಂದ ಮೂರು ಮಕ್ಕಳನ್ನ ಉಳಿಸಿ ತಾನು ಹೋದಳು. ಒಂದಾದ ಮೇಲೆ ಒಂದು ಓದ್ತಾ ಇಂಟರ್‌ವ್ಯೂ ಭಯನೇ ಮರೆತುಹೋಯ್ತು. ಪೋಸ್ಟ್‌ಮನ್ಸ್ ಪಾರ್ಕ್ ಅಂತ ಅದರ ಹೆಸರು, ಯಾರೋ ಒಬ್ಬ ಪೋಸ್ಟ್‌ಮನ್ ನೆನಪಿಗೆ ಕಟ್ಟಿರಬೇಕು. ಸಂಜೆ ಮನೆಗೆ ಬಂದು ನಮ್ಮವರಿಗೆ ಹೇಳೋಣ ಅಂದ್ರೆ ಅವರು ಮೀಟಿಂಗ್‌ನಲ್ಲಿದ್ರು, "ಹೂಂ" ಅಂದ್ರು ಅಷ್ಟೆ.

ನನಗೆ ಇಂಥವು ಬೇಕು. ಪ್ರವಾಸಿ ಪಟ್ಟಿ ಬೇಡ. ನೀವೇ ತಿಳಿಯದೆ ಹೋಗಿ ಕಂಡುಕೊಂಡದ್ದು, ದುಡ್ಡು ಹೆಚ್ಚು ಬೇಡದ್ದು, ಒಬ್ಬಳೇ ಹೋಗಬಹುದಾದದ್ದು. ಹೇಳ್ತೀರಾ?

ವಾರಾಂತ್ಯ_ವೀರ
ಕ್ಯಾಮ್ಡೆನ್ ಮಾರ್ಕೆಟ್, ಬರೋ ಮಾರ್ಕೆಟ್, ಕ್ಯೂ ಗಾರ್ಡನ್ಸ್, ಸ್ಕೈ ಗಾರ್ಡನ್. ಒಂದು ತಿಂಗಳಿಗೆ ಸಾಕು.

ಹೊಸಬಾಡಿಗೆ
ಧನ್ಯವಾದ ಸರ್, ನಾಲ್ಕೂ ಆಗಿದೆ. ನಾನು ಕೇಳ್ತಿರೋದು ವಾರದ ದಿನ, ಒಬ್ಬಳೇ. ಕ್ಯೂ ಗಾರ್ಡನ್ಸ್‌ಗೆ ಪ್ರತಿ ವಾರ ಟಿಕೆಟ್ ಕೊಂಡು ಹೋಗೋಕೆ ಆಗಲ್ಲ.

ಹಳೇಲಂಡನ್ನಿಗ
ಮೊದಲು ಒಂದು ತಿದ್ದುಪಡಿ, ತಪ್ಪು ತಿಳೀಬೇಡಮ್ಮ. ಪೋಸ್ಟ್‌ಮನ್ಸ್ ಪಾರ್ಕ್ ಯಾವ ಒಬ್ಬ ಪೋಸ್ಟ್‌ಮನ್ ನೆನಪಿನದ್ದೂ ಅಲ್ಲ. ಹಿಂದೆ ಅಲ್ಲೇ ಪಕ್ಕದಲ್ಲಿ ಪ್ರಧಾನ ಅಂಚೆ ಕಚೇರಿ ಇತ್ತು, ಅಲ್ಲಿನ ನೌಕರರು ಮಧ್ಯಾಹ್ನ ಬಂದು ಕೂರ್ತಿದ್ರು, ಅದಕ್ಕೆ ಆ ಹೆಸರು. ನೀನು ನಿಂತಿದ್ದ ಮಾಡು ಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸ್ ಮಾಡಿಸಿದ್ದು, 1900ರಲ್ಲಿ ತೆರೆದದ್ದು. ಈಗ ಅಲ್ಲಿ 54 ಫಲಕಗಳಿವೆ. ರಾಜರಿಗೆ, ಸೇನಾಪತಿಗಳಿಗೆ ಈ ಊರಲ್ಲಿ ಬೇಕಾದಷ್ಟು ಪ್ರತಿಮೆ ಇದೆ, ಸಾಮಾನ್ಯರಿಗೆ ಎಲ್ಲಿದೆ ಅನ್ನೋದು ಆತನ ಪ್ರಶ್ನೆ. ಕೊನೆಯದಾಗಿ ಒಂದು ಸೇರಿದ್ದು 2009ರಲ್ಲಿ.

ನಾನು ಬಂದು 22 ವರ್ಷ ಆಯ್ತು. ಸೇಂಟ್ ಪಾಲ್ಸ್ ಹತ್ತಿರ ಶುರು ಮಾಡಿದ್ದೀಯಲ್ಲ, ಅದರದ್ದೇ ಇನ್ನೊಂದು ಹೇಳ್ತೀನಿ. ರಿಚ್ಮಂಡ್ ಪಾರ್ಕಿಗೆ ಹೋಗು, ಪೆಂಬ್ರೋಕ್ ಲಾಡ್ಜ್ ಪಕ್ಕ ಕಿಂಗ್ ಹೆನ್ರೀಸ್ ಮೌಂಡ್ ಅಂತ ಒಂದು ದಿಬ್ಬ ಇದೆ. ಅದರ ಮೇಲೆ ನಿಂತು ಪೊದೆಗಳ ನಡುವೆ ಬಿಟ್ಟಿರೋ ಕಿಂಡಿಯಲ್ಲಿ ನೋಡಿದರೆ ಸುಮಾರು 16 ಕಿ.ಮೀ. ದೂರದ ಸೇಂಟ್ ಪಾಲ್ಸ್ ಗುಮ್ಮಟ ಕಾಣುತ್ತೆ. ಆ ನೋಟಕ್ಕೆ ಏನೂ ಅಡ್ಡ ಬರದ ಹಾಗೆ ಕಾನೂನೇ ಕಾಪಾಡುತ್ತೆ.

ಕಾಲುವೆದಂಡೆ
ಕಾಪಾಡುತ್ತೆ ಅಂತ ಹೇಳೋದು ಅರ್ಧ ಸತ್ಯ ಸರ್. ಮುಂದೆ ಏನೂ ಏಳಲ್ಲ, ಸರಿ. ಆದರೆ 2016ರಲ್ಲಿ ಸ್ಟ್ರಾಟ್‌ಫರ್ಡ್‌ನ ಒಂದು ಗಗನಚುಂಬಿ ಗುಮ್ಮಟದ ಹಿಂದೆಯೇ ಎದ್ದು ನಿಂತಿತು. ಈಗ ಗುಮ್ಮಟದ ಅಂಚು ಮೊದಲಿನ ಹಾಗೆ ಬರೀ ಆಕಾಶದ ಎದುರು ಕಾಣಲ್ಲ.

ಹಳೇಲಂಡನ್ನಿಗ
ಹೌದಪ್ಪ, ಒಪ್ಪಿದೆ. ನನಗೆ ನೆನಪಿರೋದು ಅದಕ್ಕೆ ಮುಂಚಿನ ನೋಟ. ಈಗಲೂ ಹೋಗಿ ನೋಡೋಕೆ ಲಾಯಕ್ಕಾಗಿದೆ.

ಒಂದೇ_ಚಿತ್ರ
ನನ್ನದು ಟ್ರಫಾಲ್ಗರ್ ಚೌಕದ ಹತ್ತಿರ ಆಫೀಸು. ಮೊದಲ ವರ್ಷ ನ್ಯಾಷನಲ್ ಗ್ಯಾಲರಿಗೆ ಎರಡು ಸಲ ಹೋಗಿ ಎರಡೂ ಸಲ ತಲೆನೋವು ಬರಿಸಿಕೊಂಡು ಬಂದೆ. ಎಲ್ಲಾ ನೋಡಬೇಕು ಅನ್ನೋ ಹಟ. ಆಮೇಲೆ ಒಂದು ಸಂಗತಿ ಗೊತ್ತಾಯ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಅಲ್ಲಿನ ಚಿತ್ರಗಳನ್ನೆಲ್ಲ ವೇಲ್ಸಿನ ಒಂದು ಸ್ಲೇಟ್ ಕಲ್ಲಿನ ಗಣಿಯೊಳಗೆ ಇಟ್ಟಿದ್ರಂತೆ. ಖಾಲಿ ಗ್ಯಾಲರಿಯಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಛೇರಿ ಶುರು ಮಾಡಿದ್ರು, 1939ರಲ್ಲಿ. ಜನ ಚಿತ್ರಾನೂ ಬೇಕು ಅಂತ ಕೇಳಿದ್ರು. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರ ಗಣಿಯಿಂದ ತಂದು ತೂಗುಹಾಕ್ತಿದ್ರು. ಆ ಒಂದಕ್ಕೆ ಜನ ಬರ್ತಿದ್ರು.

ಇದನ್ನ ಓದಿದ ಮೇಲೆ ನಾನೂ ಹಾಗೇ ಮಾಡ್ತೀನಿ. ವಾರಕ್ಕೆ ಒಂದು ಸಲ, ಊಟದ ಬಿಡುವಿನಲ್ಲಿ, ಇಪ್ಪತ್ತು ನಿಮಿಷ, ಒಂದೇ ಚಿತ್ರ. ಬೇರೆ ಯಾವುದನ್ನೂ ನೋಡದೆ ಸೀದಾ ಹೋಗಿ ಸೀದಾ ವಾಪಸ್. ಮೂರನೇ ವಾರ ಅದೇ ಚಿತ್ರದಲ್ಲಿ ಮೂಲೆಯಲ್ಲಿದ್ದ ನಾಯಿ ಕಣ್ಣಿಗೆ ಬಿತ್ತು. ಎರಡು ವಾರ ಅದು ಅಲ್ಲೇ ಇತ್ತಲ್ಲ ಅಂತ ಎಷ್ಟು ಖುಷಿಯಾಯ್ತು ಅಂದ್ರೆ ಆಫೀಸಿಗೆ ಬಂದು ಪಕ್ಕದ ಸೀಟಿನವರಿಗೆ ಹೇಳಿದೆ. ಪ್ರವೇಶ ಪುಕ್ಕಟೆ, ಶುಕ್ರವಾರ ರಾತ್ರಿ 9ರ ತನಕ ತೆರೆದಿರುತ್ತೆ.

ಕಾಲುವೆದಂಡೆ
ಮ್ಯೂಸಿಯಂ, ಗ್ಯಾಲರಿ ನನಗೆ ಆಗಿಬರಲ್ಲ. ಅಲ್ಲಿ ಸುಮ್ಮನೆ ನಿಂತಿರಬೇಕು, ದನಿ ಎತ್ತೋ ಹಾಗಿಲ್ಲ. ಮೊದಲೇ ಮನೆಯಲ್ಲಿ ಒಬ್ಬರೇ ಮೌನವಾಗಿ ಕೂತು ಬಂದವರಿಗೆ ಇನ್ನಷ್ಟು ಮೌನ ಯಾಕೆ? ನಡೀಬೇಕು, ಜನರ ಜೊತೆ ಮಾತು ಬೀಳಬೇಕು.

ರೀಜೆಂಟ್ಸ್ ಕಾಲುವೆಗೆ ಹೋಗಿ. ಲಿಟಲ್ ವೆನಿಸ್‌ನಿಂದ ಲೈಮ್‌ಹೌಸ್ ತನಕ ಸುಮಾರು 14 ಕಿ.ಮೀ., 1820ರಲ್ಲಿ ಪೂರ್ತಿಯಾದದ್ದು. ಒಂದೇ ದಿನ ಮುಗಿಸೋಕೆ ಹೋಗಬೇಡಿ. ನಾನು ತುಂಡು ತುಂಡಾಗಿ ನಡೆದೆ, ಎರಡು ತಿಂಗಳು ಬಂತು. ಇಸ್ಲಿಂಗ್ಟನ್ ಹತ್ತಿರ ದಾರಿ ತಟ್ಟನೆ ನಿಂತುಹೋಗುತ್ತೆ, ಕಾಲುವೆ ಸುರಂಗದೊಳಗೆ ಹೋಗುತ್ತೆ, ನಡೆಯೋರು ಮೇಲೆ ಹತ್ತಿ ಬೀದಿಗಳನ್ನ ದಾಟಿ ಆಚೆ ಇಳೀಬೇಕು. ಮೊದಲ ಸಲ ನನಗೆ ದಾರಿ ತಪ್ಪಿ ಅರ್ಧ ಗಂಟೆ ಸುತ್ತಿದೆ. ಆಗಿನ ಕಾಲದಲ್ಲಿ ದೋಣಿ ಎಳೀತಿದ್ದ ಕುದುರೆಗಳನ್ನೂ ಹೀಗೇ ಗುಡ್ಡದ ಮೇಲೆ ಹೊಡ್ಕೊಂಡು ಹೋಗ್ತಿದ್ರು. ಒಳಗೆ ದೋಣಿಯಲ್ಲಿ ಆಳುಗಳು ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಒತ್ತಿ ಒತ್ತಿ, ಗೋಡೆ ಮೇಲೆ ನಡೆದ ಹಾಗೆ ದೋಣಿ ತಳ್ತಿದ್ರು. ಸುಮಾರು 880 ಮೀಟರ್, ಕತ್ತಲಲ್ಲಿ.

ಅಸಲು ಮಜಾ ಲಾಕ್‌ಗಳಲ್ಲಿ. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸೋ ಗೇಟುಗಳು, ಈ ಕಾಲುವೆ ಮೇಲೆ 12 ಕಡೆ ಇವೆ. ಒಂದು ದಿನ ಸೇಂಟ್ ಪ್ಯಾಂಕ್ರಸ್ ಲಾಕ್ ಹತ್ತಿರ ದೋಣಿಯ ಹೆಂಗಸೊಬ್ಬರು ಒಬ್ಬರೇ ಇದ್ರು, ಗೇಟಿನ ದಿಮ್ಮಿ ತಳ್ಳೋಕೆ ಕೈ ಹಾಕ್ತೀಯಾ ಅಂತ ಕೇಳಿದ್ರು. ಬೆನ್ನು ಕೊಟ್ಟು ತಳ್ಳಬೇಕು, ಮೊದಲು ಅಲ್ಲಾಡಲ್ಲ, ನೀರು ಎರಡೂ ಕಡೆ ಸಮ ಆದ ಕ್ಷಣ ಬೆಣ್ಣೆ ತರಹ ಸರಿಯುತ್ತೆ. ಆವತ್ತಿಂದ ದೋಣಿ ಕಂಡ್ರೆ ನಾನೇ ಕೇಳ್ತೀನಿ, "ಕೈ ಹಾಕಲಾ?" ಅಂತ. ಇಲ್ಲ ಅಂದವರು ಒಬ್ಬರೂ ಸಿಕ್ಕಿಲ್ಲ.

ಒಂದೇ_ಚಿತ್ರ
ಮೌನದಲ್ಲೂ ವ್ಯತ್ಯಾಸ ಇದೆ ರೀ. ಮನೆಯ ಮೌನ ಬೇರೆ, ಹತ್ತು ಜನರ ನಡುವೆ ಕೂತ ಮೌನ ಬೇರೆ.

ಬೆಳವಲ
ಅಕ್ಕಾರ, ನನ್ನದೂ ಒಂದು ಕೇಳ್ರಿ. ಲ್ಯಾಂಬೆತ್ ಸೇತುವಿ ಹತ್ರ ನದಿ ದಂಡಿಮ್ಯಾಗ ಬಸವಣ್ಣನವರ ಪುತ್ಥಳಿ ಐತಲ್ರಿ, 2015ರ ನವೆಂಬರ್ 14ಕ್ಕ ಉದ್ಘಾಟನಾ ಆತು. ನಮ್ಮ ಮಂದಿ ಎಲ್ಲಾರೂ ಒಂದ ಸಲ ಹೋಗಿ, ಫೋಟೊ ತಗೊಂಡು ಬಂದಬಿಡ್ತಾರ. ನಾ ಹಂಗ ಮಾಡೂದಿಲ್ರಿ. ಪ್ರತಿ ಗುರುವಾರ ಕೆಲಸ ಮುಗಿಸಿ ಹೋಗಿ ಅಲ್ಲೇ ಬೆಂಚಿನ ಮ್ಯಾಗ ಕುಂದರತೀನಿ. ಆ ದಂಡಿಮ್ಯಾಗಿನ ಬೆಂಚುಗಳನ್ನ ಸರಿಯಾಗಿ ನೋಡೀರೇನು? ಎರಡೂ ಬದಿಗೆ ಕಬ್ಬಿಣದಾಗ ಹಂಸ ಎರಕಾ ಹೊಯ್ದಾರ. ನದಿ ಆಚಿ ದಂಡಿಗೆ ಹೋದ್ರ ಬೆಂಚಿಗೆ ಒಂಟೆ ಅದಾವು. ಇದು ನನಗ ತಿಳಿಲಿಕ್ಕೆ ನಾಕ್ ತಿಂಗಳ ಬೇಕಾತು.

ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಸೇತುವಿ ಕಡೆ ನಡಕೋಂತ ಬಂದ್ರ ಗ್ವಾಡಿ ತುಂಬ ಕೆಂಪು ಹೃದಯ ಬರದಾರ. ಕೋವಿಡ್‌ದಾಗ ಹೋದವರ ನೆನಪಿಗೆ, ಒಬ್ಬೊಬ್ಬರಿಗೆ ಒಂದೊಂದು, 2021ರ ಮಾರ್ಚ್‌ದಾಗ ಚಾಲೂ ಮಾಡಿದ್ದು. ಅರ್ಧ ಕಿಲೋಮೀಟರ್ ಐತಿ. ಬಣ್ಣ ಮಾಸಿದ್ದಕ್ಕ ಮತ್ತ ಬಣ್ಣಾ ಹಚ್ಚವ್ರು ಬರ್ತಿರ್ತಾರ. ಒಂದಿನಾ ಒಬ್ಬ ಮುದುಕಪ್ಪ ಹಚ್ಚಾಕತ್ತಿದ್ದ. "ಇದು ನಿಮ್ಮವರದೇನ್ರಿ" ಅಂತ ಕೇಳಿದೆ. "ಅಲ್ಲ, ನಮ್ಮವಳದು ಅಲ್ಲೈತಿ, ಇದು ಯಾರದೋ" ಅಂದ. ನೀವು ಪೋಸ್ಟ್‌ಮನ್ ಪಾರ್ಕಿಂದು ಬರದಿದ್ದು ಓದಿ ಅದ ನೆನಪಾತು ನೋಡ್ರಿ.

ಹೊಸಬಾಡಿಗೆ
ಅಣ್ಣಾ, ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಬಸವಣ್ಣನವರ ಪುತ್ಥಳಿಗೆ ಮೊದಲ ತಿಂಗಳೇ ಹೋಗಿದ್ವಿ, ಐದು ನಿಮಿಷ ಇದ್ದು ಬಂದ್ವಿ. ಬೆಂಚು ನೋಡಲೇ ಇಲ್ಲ.

ಗಿಣಿರಾಮ
ಯಾರೂ ಗಿಣಿ ಬಗ್ಗೆ ಹೇಳಲೇ ಇಲ್ವಲ್ಲ! ನಾನು ಬಂದ ಹೊಸತರಲ್ಲಿ ಬೆಳಗ್ಗೆ ಕಿಟಕಿ ಹೊರಗೆ ಕೀ ಕೀ ಅಂತ ಕೇಳಿ, ಯಾರೋ ಮೊಬೈಲಿನಲ್ಲಿ ಹಾಕಿದ್ದಾರೆ ಅಂದುಕೊಂಡೆ. ನೋಡಿದ್ರೆ ನಿಜವಾದ ಹಸಿರು ಗಿಣಿ, ಕೆಂಪು ಕೊಕ್ಕು, ಕುತ್ತಿಗೆಗೆ ಪಟ್ಟಿ, ನಮ್ಮಲ್ಲಿರೋ ಜಾತಿಯೇ. ಕೆನ್ಸಿಂಗ್ಟನ್ ಗಾರ್ಡನ್ಸ್, ರಿಚ್ಮಂಡ್ ಪಾರ್ಕ್, ಎಲ್ಲಾ ಕಡೆ ಇವೆ. ಸಂಜೆ ಹೊತ್ತು ಗುಂಪಾಗಿ ಒಂದೇ ಕಡೆ ಮಲಗೋಕೆ ಬರ್ತವೆ, ಆ ಗಲಾಟೆ ಒಂದು ಸಲ ಕೇಳಲೇಬೇಕು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಒಂದು ಜೋಡಿ ಹಾರಿಬಿಟ್ಟದ್ದೇ ಇಷ್ಟಾಗಿವೆ.

ಒಂದೇ_ಚಿತ್ರ
ಅದು ಬರೀ ಕಥೆ. 2019ರಲ್ಲಿ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಹಳೇ ದಾಖಲೆಗಳನ್ನ ನಕ್ಷೆಗೆ ಹಾಕಿ ನೋಡಿದ್ರು, ಹೆಂಡ್ರಿಕ್ಸ್ ಕಥೆಗೆ ಆಧಾರ ಸಿಗಲಿಲ್ಲ. ಅಲ್ಲೊಂದು ಇಲ್ಲೊಂದು ಮನೆಗಳಲ್ಲಿ ಸಾಕಿದ್ದವು ತಪ್ಪಿಸಿಕೊಂಡೋ, ಜನ ಬಿಟ್ಟೋ ಬೆಳೆದವು.

ಗಿಣಿರಾಮ
ಇರಬಹುದು. ನನ್ನ ಮಗಳಿಗೆ ಮಾತ್ರ ನಾನು ಹೆಂಡ್ರಿಕ್ಸ್ ಕಥೆನೇ ಹೇಳೋದು.

ಹಳೇಲಂಡನ್ನಿಗ
ಸುಳ್ಳು ಅಂತ ಗೊತ್ತಾದ ಮೇಲೂ ಮಕ್ಕಳಿಗೆ ಅದನ್ನೇ ಹೇಳೋದು ಸರಿಯಲ್ಲಪ್ಪ. ನಿಜ ಸಂಗತಿಯೂ ಅಷ್ಟೇ ಚೆನ್ನಾಗಿದೆ.

ನದಿಮಣ್ಣು
ಥೇಮ್ಸ್ ನದಿಗೆ ಇಳೀರಿ! ದಿನಕ್ಕೆರಡು ಸಲ ನೀರು ಇಳಿಯುತ್ತೆ, ಆಗ ದಡದಲ್ಲಿ ಹಳೇ ಮಣ್ಣಿನ ಚಿಲುಮೆ ತುಂಡು, ಪಿಂಗಾಣಿ ಚೂರು, ಗುಂಡುಸೂಜಿ, ಏನೇನೋ ಸಿಗುತ್ತೆ. ಹೋಗಿ ಹುಡುಕಿ, ಜೇಬಿಗೆ ಹಾಕ್ಕೊಂಡು ಬನ್ನಿ.

ಕಾಲುವೆದಂಡೆ
ದಯವಿಟ್ಟು ಹೀಗೆ ಹೇಳಬೇಡಿ. ಪರ್ಮಿಟ್ ಇಲ್ಲದೆ ಹುಡುಕೋ ಹಾಗಿಲ್ಲ. ಅಗೆಯೋದಕ್ಕೆ ಮಾತ್ರ ಅಲ್ಲ, ಬರೀ ಕಣ್ಣಲ್ಲಿ ಹುಡುಕಿ ಎತ್ತಿಕೊಳ್ಳೋದಕ್ಕೂ ಬೇಕು. ಪೋರ್ಟ್ ಆಫ್ ಲಂಡನ್ ಅಥಾರಿಟಿ ಕೊಡುತ್ತೆ. ಟೆಡಿಂಗ್ಟನ್‌ನಿಂದ ಥೇಮ್ಸ್ ಬ್ಯಾರಿಯರ್ ತನಕ ಇದೇ ನಿಯಮ. 300 ವರ್ಷಕ್ಕಿಂತ ಹಳೆಯದು ಸಿಕ್ಕಿದ್ರೆ ತಿಳಿಸಲೂಬೇಕು.

ನದಿಮಣ್ಣು
ಎರಡು ಚೂರು ಪಿಂಗಾಣಿಗೆ ಇಷ್ಟೆಲ್ಲಾ ಯಾಕೆ? ನಾನು ಮೂರು ಸಲ ಹೋಗಿದ್ದೀನಿ, ಯಾರೂ ಏನೂ ಅಂದಿಲ್ಲ.

ಹಳೇಲಂಡನ್ನಿಗ
ಯಾರೂ ಅಂದಿಲ್ಲ ಅನ್ನೋದು ವಾದ ಅಲ್ಲ. ಲಕ್ಷಾಂತರ ಜನ ಇರೋ ಊರು, ಎಲ್ಲರೂ ಎರಡೆರಡು ಚೂರು ಎತ್ತಿದ್ರೆ ಏನು ಉಳಿಯುತ್ತೆ? ಇನ್ನೊಂದು, ಈ ಹುಡುಗಿ ಇಲ್ಲಿ ಹೊಸಬಳು, ವೀಸಾ ಮೇಲೆ ಇರೋಳು. ನಿಯಮ ಮುರಿಯೋ ಸಲಹೆ ಕೊಡಬಾರದು. ಅದಲ್ಲದೆ ನೀರು ಏಳೋದು ಬೇಗ, ಕೆಲವು ಕಡೆ 7 ಮೀಟರ್ ತನಕ ವ್ಯತ್ಯಾಸ ಇರುತ್ತೆ, ಮೆಟ್ಟಿಲಿಂದ ದೂರ ಹೋಗಿದ್ರೆ ಅಪಾಯ.

ನದಿಮಣ್ಣು
ಸರಿ ಸರ್. ವೀಸಾ ವಿಷಯ ನನಗೆ ಹೊಳೀಲಿಲ್ಲ. ಮೇಡಂ, ಮೇಲೆ ನಿಂತು ನೀರು ಇಳಿಯೋದನ್ನ ನೋಡಿ, ಅದೂ ಚೆನ್ನಾಗಿರುತ್ತೆ. ಬೆಳಗ್ಗೆ ನೋಡಿದ ನದಿ ಮಧ್ಯಾಹ್ನಕ್ಕೆ ಇನ್ನೊಂದೇ ನದಿ.

ರಾತ್ರಿಪಾಳಿ
ನಾನು ನರ್ಸ್, ವಾರಕ್ಕೆ ಮೂರು ರಾತ್ರಿ ಕೆಲಸ. ಹಾಗಾಗಿ ಮಂಗಳವಾರ ಮಧ್ಯಾಹ್ನ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಊರೆಲ್ಲಾ ಆಫೀಸಿನಲ್ಲಿದ್ದಾಗ ನಾವು ಎದ್ದಿರ್ತೀವಿ.

ನನ್ನ ಔಷಧಿ ಬಸ್ಸು. ಡಬಲ್ ಡೆಕರ್, ಮೇಲೆ, ಎದುರಿನ ಸೀಟು. ಟ್ಯೂಬ್ ಅನ್ನೋ ನೆಲದಡಿ ರೈಲಿನಲ್ಲಿ ಓಡಾಡೋವರೆಗೆ ನನಗೆ ಲಂಡನ್ ಅಂದ್ರೆ ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಚುಕ್ಕೆ. ಬಸ್ ಹತ್ತಿದ ಮೇಲೆ ಅವು ಸೇರಿಕೊಂಡವು. 24ನೇ ನಂಬರ್ ಹಿಡೀರಿ, ಪಿಮ್ಲಿಕೋದಿಂದ ಹ್ಯಾಂಪ್‌ಸ್ಟೆಡ್ ಹೀತ್ ತನಕ. ಪಾರ್ಲಿಮೆಂಟ್, ಟ್ರಫಾಲ್ಗರ್ ಚೌಕ, ಚೇರಿಂಗ್ ಕ್ರಾಸ್ ರಸ್ತೆ, ಕ್ಯಾಮ್ಡೆನ್, ಎಲ್ಲಾ ಕಿಟಕಿಯಲ್ಲೇ ಬರುತ್ತೆ. 1912ರಿಂದ ಹೆಚ್ಚುಕಡಿಮೆ ಇದೇ ದಾರಿ. ಕೊನೇ ಸ್ಟಾಪಿನಲ್ಲಿ ಇಳಿದು ಪಾರ್ಲಿಮೆಂಟ್ ಹಿಲ್ ಹತ್ತಿದ್ರೆ ಈಗ ಬಂದ ದಾರಿಯೆಲ್ಲ ಕೆಳಗೆ ಹರಡಿಕೊಂಡಿರುತ್ತೆ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದ್ರೂ ಒಂದೇ ಟಿಕೆಟಿನ ದುಡ್ಡು, ಅದೇ ಕಾರ್ಡ್ ತೋರಿಸಬೇಕು ಅಷ್ಟೆ.

ದುಡ್ಡೇ ಬೇಡ ಅಂದ್ರೆ ವುಲಿಚ್ ಫೆರಿ. 1889ರಿಂದ ಪುಕ್ಕಟೆ ದಾಟಿಸ್ತಿದ್ದಾರೆ. ಲಾರಿಗಳ ಜೊತೆ ನದಿ ದಾಟಿ, ವಾಪಸ್ ಬರುವಾಗ ನದಿಯ ಕೆಳಗಿನ ಕಾಲುದಾರಿ ಸುರಂಗದಲ್ಲಿ ನಡೆದು ಬನ್ನಿ.

ವಾರಾಂತ್ಯ_ವೀರ
ಸುರಂಗ ಗ್ರೀನಿಚ್‌ನಲ್ಲಿ ಅಲ್ವಾ ಇರೋದು?

ರಾತ್ರಿಪಾಳಿ
ಎರಡಿವೆ. ಗ್ರೀನಿಚ್‌ದು 1902, ವುಲಿಚ್‌ದು 1912.

ವಾರಾಂತ್ಯ_ವೀರ
ಗೊತ್ತೇ ಇರಲಿಲ್ಲ! ಆರು ವರ್ಷದಿಂದ ಇಲ್ಲಿದ್ದೀನಿ. ನನ್ನ ಮೊದಲ ಉತ್ತರ ಅವಸರದ್ದಾಯ್ತು ಮೇಡಂ, ಕ್ಷಮಿಸಿ. ಶನಿವಾರದ್ದಾದ್ರೂ ಒಂದು ಹೇಳ್ತೀನಿ: ಬೆಳಗ್ಗೆ 9ಕ್ಕೆ ಪಾರ್ಕ್‌ರನ್. 5 ಕಿ.ಮೀ., ಪುಕ್ಕಟೆ, ನಡೆದ್ರೂ ಆಗುತ್ತೆ. 2004ರಲ್ಲಿ ಇಲ್ಲಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು. ನನಗೆ ಇಲ್ಲಿ ಇರೋ ಸ್ನೇಹಿತರೆಲ್ಲ ಸಿಕ್ಕಿದ್ದು ಓಟದಿಂದಲ್ಲ, ಓಟ ಮುಗಿದ ಮೇಲಿನ ಟೀಯಿಂದ.

ಮೈಸೂರಮ್ಮ
ನಾನು ಒಪ್ಪದ ಒಂದು ಮಾತು ಹೇಳ್ತೀನಿ. ಎಲ್ಲರೂ ಮ್ಯೂಸಿಯಂ ಪುಕ್ಕಟೆ, ಖುಷಿ ಅಂತೀರಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಹುಲಿ, ಅಂದ್ರೆ ಆ ಕೂಗೋ ಮರದ ಹುಲಿ ಬೊಂಬೆ, ಅದರ ಮುಂದೆ ನಿಂತಾಗ ನನಗೆ ಸಂತೋಷ ಆಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದದ್ದು. ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಇಟ್ಟು, ಬಂದ ಬಂದವರೆಲ್ಲ ಹಿಡಿ ತಿರುಗಿಸಿ ಅದನ್ನ ಕೂಗಿಸ್ತಿದ್ರು. ಇದನ್ನ ಹೊತ್ತು ಕಳೆಯೋ ಜಾಗ ಅಂತ ನಾನು ಹೇಗೆ ಅಂದುಕೊಳ್ಳಲಿ?

ಗಿಣಿರಾಮ
ಅಮ್ಮಾ, ನಿಮ್ಮ ಸಂಕಟ ಅರ್ಥ ಆಗುತ್ತೆ. ಎರಡು ವರ್ಷದ ಹಿಂದೆ ಮಗಳನ್ನ ಕರ್ಕೊಂಡು ಹೋಗಿದ್ದೆ. ಅವಳು ಮೊದಲು ಕೇಳಿದ್ದು, "ಅಪ್ಪಾ, ಇದು ಯಾಕೆ ಇಲ್ಲಿದೆ?" ಅಂತ. ಮನೆಗೆ ಬರೋ ದಾರಿಯುದ್ದಕ್ಕೂ ಅದೇ ಮಾತು. ರಾತ್ರಿ ಮಲಗೋವಾಗಲೂ ಅದೇ. ಆ ಪ್ರಶ್ನೆ ಅವಳಿಗೆ ಯಾವ ಪಾಠದಲ್ಲೂ ಬಂದಿರಲಿಲ್ಲ. ಹೋಗದೇ ಇದ್ದಿದ್ರೆ ಕೇಳ್ತಾನೂ ಇರಲಿಲ್ಲ.

ಮೈಸೂರಮ್ಮ
ಮಗು ಕೇಳಿದ್ದು ಸರಿಯಾದ ಪ್ರಶ್ನೆ. ಆದರೂ ನನಗೆ ಎರಡನೇ ಸಲ ಹೋಗೋ ಮನಸ್ಸಿಲ್ಲ.

ಒಂದೇ_ಚಿತ್ರ
ಇಬ್ಬರದೂ ನಿಜ ಅನ್ನಿಸ್ತಿದೆ. ನೋವಾಗೋ ಕಡೆಗೂ ಬಿಡುವಿದ್ದಾಗಲೇ ತಾನೇ ನಾವು ಹೋಗೋದು.

ಎಳೆಬಿಸಿಲು
ಚಳಿಗಾಲಕ್ಕೆ ಯಾರೂ ಏನೂ ಹೇಳಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆನೇ ಸೂರ್ಯ ಮುಳುಗಿರುತ್ತೆ, ಕಾಲುವೆ ದಂಡೆ, ದಿಬ್ಬ ಎಲ್ಲಾ ಆಗ ಬೇಡ. ನನ್ನ ಮೊದಲ ಚಳಿಗಾಲ ತುಂಬಾ ಕೆಟ್ಟದಾಗಿತ್ತು, ಮನೆಯಿಂದ ಹೊರಗೇ ಬರಲಿಲ್ಲ. ಎರಡನೇ ವರ್ಷ ಸೌತ್‌ಬ್ಯಾಂಕಿನ ರಾಯಲ್ ಫೆಸ್ಟಿವಲ್ ಹಾಲ್ ಸಿಕ್ಕಿತು. ಸಂಗೀತ ಕಛೇರಿಗೆ ಟಿಕೆಟ್ ಬೇಕು, ಆದರೆ ಹೊರಗಿನ ಪಡಸಾಲೆಯಲ್ಲಿ ಯಾರು ಬೇಕಾದ್ರೂ ಎಷ್ಟು ಹೊತ್ತಾದ್ರೂ ಕೂರಬಹುದು, ಏನೂ ಕೊಳ್ಳಬೇಕಿಲ್ಲ. ಬೆಚ್ಚಗಿರುತ್ತೆ, ಹೆಣಿಗೆ ಹಾಕೋರು, ಓದೋ ಹುಡುಗರು, ನೃತ್ಯ ಅಭ್ಯಾಸ ಮಾಡೋರು, ಎಲ್ಲಾ ಇರ್ತಾರೆ. ಐದನೇ ಮಹಡಿಯಲ್ಲಿ ಬರೀ ಕವಿತೆಗಳ ಗ್ರಂಥಾಲಯ ಇದೆ. ನಾನು ನನ್ನ ಅರ್ಜಿಗಳನ್ನೆಲ್ಲ ಆ ಪಡಸಾಲೆಯಲ್ಲೇ ಬರೆದೆ. ಹೊಸಬಾಡಿಗೆಯವರೇ, ಕೆಲಸ ಹುಡುಕೋದನ್ನೂ ಮನೆಯಿಂದ ಹೊರಗೆ ತನ್ನಿ. ಅರ್ಜಿಗೆ ಉತ್ತರ ಬರದ ದಿನ ಸುತ್ತ ನಾಲ್ಕು ಮುಖ ಇದ್ರೆ ಅಷ್ಟು ಭಾರ ಆಗಲ್ಲ.

ಪುಟ್ಟಿಯಮ್ಮ
ಎರಡು ವರ್ಷದ ಮಗು ಇರೋರಿಗೆ ಏನಾದ್ರೂ ಹೇಳಿ ಪ್ಲೀಸ್. ಗ್ಯಾಲರಿಯಲ್ಲಿ ಇಪ್ಪತ್ತು ನಿಮಿಷ ಅಂದ್ರೆ ನನಗೆ ಕನಸು.

ಗಿಣಿರಾಮ
ಮಡ್‌ಶೂಟ್ ಫಾರ್ಮ್! ಐಲ್ ಆಫ್ ಡಾಗ್ಸ್‌ನಲ್ಲಿ, 32 ಎಕರೆ, ಪುಕ್ಕಟೆ. ಕುರಿ, ಆಡು, ಕತ್ತೆ ಎಲ್ಲಾ ಇವೆ. ಕುರಿ ಮೇಯ್ತಿರುತ್ತೆ, ಹಿಂದೆ ಕ್ಯಾನರಿ ವಾರ್ಫ್‌ನ ಬ್ಯಾಂಕ್ ಕಟ್ಟಡಗಳು. ನನ್ನ ಮಗಳು ಕುರಿಗಿಂತ ಜಾಸ್ತಿ ಮಣ್ಣಲ್ಲೇ ಇದ್ದಳು, ಬಟ್ಟೆ ಒಂದು ಜೊತೆ ಜಾಸ್ತಿ ಇಟ್ಕೊಳ್ಳಿ.

ಹೊಸಬಾಡಿಗೆ
ಎಲ್ಲರಿಗೂ ವರದಿ ಒಪ್ಪಿಸ್ತೀನಿ. ಈ ಮಂಗಳವಾರ ರಾತ್ರಿಪಾಳಿ ಅಕ್ಕ ಮತ್ತು ನಾನು ಪಿಮ್ಲಿಕೋದಲ್ಲಿ ಭೇಟಿಯಾಗಿ 24 ಹತ್ತಿದ್ವಿ. ಎದುರಿನ ಸೀಟು ಖಾಲಿ ಇರಲಿಲ್ಲ. ಟ್ರಫಾಲ್ಗರ್ ಚೌಕದಲ್ಲಿ ಇಬ್ಬರು ಇಳಿದ್ರು, ಓಡಿ ಹೋಗಿ ಕೂತ್ವಿ. ಅಕ್ಕ ಕ್ಯಾಮ್ಡೆನ್ ಬರೋಷ್ಟರಲ್ಲಿ ನಿದ್ದೆ ಹೋಗಿಬಿಟ್ರು, ಹಿಂದಿನ ರಾತ್ರಿ ಕೆಲಸ ಮಾಡಿದ್ರು. ನಾನು ಎಬ್ಬಿಸಲಿಲ್ಲ. ಕೊನೇ ಸ್ಟಾಪ್ ತನಕ ಒಬ್ಬಳೇ ನೋಡ್ತಾ ಹೋದೆ, ಆದರೆ ಒಬ್ಬಳೇ ಅನ್ನಿಸಲಿಲ್ಲ. ಬೆಟ್ಟದ ಮೇಲೆ ಇಬ್ಬರೂ ಸೇಂಟ್ ಪಾಲ್ಸ್ ಗುಮ್ಮಟ ಹುಡುಕಿದ್ವಿ, ಅವರಿಗೆ ಮೊದಲು ಕಾಣಿಸ್ತು.

ಶನಿವಾರ ನಮ್ಮವರನ್ನ ಪೋಸ್ಟ್‌ಮನ್ಸ್ ಪಾರ್ಕಿಗೆ ಕರ್ಕೊಂಡು ಹೋದೆ. ಏನೂ ವಿವರಿಸಲಿಲ್ಲ, ಓದಿ ಅಂದೆ ಅಷ್ಟೆ. ಅವರು ಎಡಗಡೆಯಿಂದ ಶುರು ಮಾಡಿ ಒಂದೊಂದನ್ನೇ ಜೋರಾಗಿ ಓದ್ತಾ ಬಂದ್ರು. ಪಕ್ಕದಲ್ಲಿ ಊಟ ಮಾಡ್ತಾ ಕೂತಿದ್ದ ಒಬ್ಬರು ಡಬ್ಬಿ ಮುಚ್ಚಿ ಕೇಳ್ತಾ ಕೂತ್ರು.

ಇಂಟರ್‌ವ್ಯೂನದ್ದು ಇನ್ನೂ ಗೊತ್ತಾಗಿಲ್ಲ.

ರಾತ್ರಿಪಾಳಿ
ನಿದ್ದೆ ಮಾಡಿದ್ದನ್ನ ಬರೀಬಾರದಿತ್ತು ನೀನು! ಮುಂದಿನ ಮಂಗಳವಾರ ನನಗೆ ರಜೆ, ಫೆರಿಗೆ ಹೋಗೋಣ.

ಬೆಳವಲ
ಗುರುವಾರ ಯಾರರ ಬರೂದಿದ್ರ ಬರ್ರಿ. ಆರು ಗಂಟೆಕ್ಕ, ಹಂಸದ ಬೆಂಚು.

ಪುಟ್ಟಿಯಮ್ಮ
ಮಡ್‌ಶೂಟ್‌ಗೆ ಪ್ರ್ಯಾಮ್ ತಗೊಂಡು ಹೋಗೋಕೆ ಯಾವ ದಾರಿ ಸುಲಭ?

ಗಿಣಿರಾಮ
ಡಿಎಲ್‌ಆರ್ ಹಿಡೀರಿ, ಮಡ್‌ಶೂಟ್ ಅಂತಲೇ ಸ್ಟೇಷನ್ ಇದೆ. ಡ್ರೈವರ್ ಇಲ್ಲದ ರೈಲು, ಮುಂದಿನ ಸೀಟು ಸಿಕ್ಕಿದ್ರೆ ಪುಟ್ಟಿಗೆ ಕೊಡಿ, ಅವಳೇ ಓಡಿಸ್ತಾಳೆ.